ಬಡಿಗೆಯಿಂದ ಸಾವು ತಗ್ಗದು: ತೊಗರಿ ನಾಡಿನ ಹಾವುಗಳ ಲೆಕ್ಕ

ಶಾರ್ಕ್ ಮೀನಿನ ಪರ ವಾದ ಮಾಡುವುದು ಸುಲಭ. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಶಾರ್ಕ್ ದಾಳಿಯಿಂದ ಸಾಯುವವರು ಸರಾಸರಿ ಆರೇಳು ಮಂದಿ. ಮನುಷ್ಯರ ಬಲೆಗೆ ಬಿದ್ದು ಸಾಯುವ ಶಾರ್ಕ್‌ಗಳು ಕೋಟಿಗಟ್ಟಲೆ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಯಾರು ಯಾರಿಗೆ ಹೆದರಬೇಕು ಎಂಬುದು ತಾನೇ ಗೊತ್ತಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿಯ ಹೊಲಗಳಲ್ಲಿ ನಿಂತು ಹಾವಿನ ಪರವಾಗಿ ಅದೇ ಮಾತು ಆಡಲು ಬರುವುದಿಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸರಾಸರಿ 58,000 ಸಾವು. ಸತ್ತವರಲ್ಲಿ ಅರ್ಧದಷ್ಟು ಜನ 30ರಿಂದ 69 ವಯಸ್ಸಿನವರು, ಅಂದರೆ ಮನೆ ನಡೆಸುವವರು. ಕಾಲು ಭಾಗಕ್ಕೂ ಹೆಚ್ಚು 15 ದಾಟದ ಮಕ್ಕಳು. ಅರ್ಧ ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಮಳೆ ತಿಂಗಳಲ್ಲೇ ಆಗುತ್ತವೆ. ತೊಗರಿ ಬಿತ್ತಿ, ಎಡೆ ಹೊಡೆದು, ಕಳೆ ತೆಗೆಯುವ ತಿಂಗಳುಗಳವು. ಈ ಲೆಕ್ಕ ಮುಂದಿಟ್ಟುಕೊಂಡು ರೈತನಿಗೆ 'ಹಾವು ಪಾಪದ ಜೀವಿ, ಏನೂ ಮಾಡುವುದಿಲ್ಲ' ಎಂದರೆ ಅದು ಅವನ ಮನೆಯ ದುಃಖಕ್ಕೆ ಅವಮಾನ ಮಾಡಿದ ಹಾಗೆ.

ಹಾಗಿದ್ದೂ ಹಾವನ್ನು ಉಳಿಸಬೇಕು ಎನ್ನುವುದಕ್ಕೆ ಗಟ್ಟಿ ಕಾರಣ ಇದೆ, ಅದು ಕರುಣೆಯ ಕಾರಣವಲ್ಲ. ನಮ್ಮ ಹಳ್ಳಿಗಳಲ್ಲಿ ಕಂಡ ಹಾವನ್ನೆಲ್ಲ ಬಡಿಯುವ ರೂಢಿ ತಲೆಮಾರುಗಳಿಂದ ಇದೆ. ಬಡಿಗೆಯಿಂದ ಸಾವು ತಗ್ಗುವುದಾಗಿದ್ದರೆ ಇಷ್ಟು ಹೊತ್ತಿಗೆ ತಗ್ಗಬೇಕಿತ್ತು. ಸಾವು ತಗ್ಗಿಸುವ ವಸ್ತುಗಳು ಬೇರೆ: ಬ್ಯಾಟರಿ, ಬೂಟು, ಮಂಚ, ಸೊಳ್ಳೆ ಪರದೆ, ಹಾವಿನ ವಿಷ ಇಳಿಸುವ ಹತ್ತು ವಯಲ್ (ಸಣ್ಣ ಬಾಟಲಿ) ಔಷಧ, ರಕ್ತ ಪರೀಕ್ಷೆಗೆ ಒಂದು ಗಾಜಿನ ನಳಿಕೆ. ಇವುಗಳಲ್ಲಿ ಯಾವುದಕ್ಕೂ ಹಾವನ್ನು ಕೊಲ್ಲುವ ಅಗತ್ಯವಿಲ್ಲ. ಆ ಹತ್ತು ವಯಲ್ ಔಷಧಕ್ಕಂತೂ ಹಾವು ಜೀವಂತ ಇರಲೇಬೇಕು; ಅದು ಹೇಗೆ ಎಂಬುದು ಮುಂದೆ ಬರುತ್ತದೆ.

ನಾಲ್ಕು ಹಾವು, ನೂರು ತಪ್ಪು ಗುರುತು

ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಜೀವ ತೆಗೆಯುವ ಕಡಿತಗಳಲ್ಲಿ ಬಹುಪಾಲು ನಾಲ್ಕೇ ಹಾವುಗಳವು: ನಾಗರಹಾವು, ಕಟ್ಟುಹಾವು (ಕಡಂಬಳ ಎಂದೂ ಕರೆಯುತ್ತಾರೆ), ಕೊಳಕುಮಂಡಲ, ಗರಗಸ ಮಂಡಲ. ನಾಲ್ಕೂ ಈ ಮೂರು ಜಿಲ್ಲೆಗಳ ನೆಲಕ್ಕೆ ಒಗ್ಗಿದವು, ಆದರೆ ಒಂದೊಂದರ ಜಾಗ ಬೇರೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ ಬೆಳೆಯುವ ಶಹಾಪುರ, ಸುರಪುರದ ಕಡೆ, ಬದುವಿನ ಹುಲ್ಲಿನಲ್ಲಿ ಇಲಿ ಹೆಚ್ಚು. ಇಲಿ ಇದ್ದಲ್ಲಿ ಕೊಳಕುಮಂಡಲ ಮತ್ತು ನಾಗರ. ಬೀದರ್ ಜಿಲ್ಲೆಯ ಭಾಲ್ಕಿ, ಹುಮನಾಬಾದ್ ಕಡೆಯ ಕಬ್ಬಿನ ಗದ್ದೆಯ ಒಣಗಿದ ರವದಿಯೂ ಇವೆರಡಕ್ಕೆ ಒಳ್ಳೆಯ ಮರೆ. ಕಲ್ಲು, ಜಂಬಿಟ್ಟಿಗೆ ನೆಲ, ಕುರುಚಲು ಇರುವ ಒಣ ಜಾಗ ಗರಗಸ ಮಂಡಲದ್ದು. ಅದು ಸಾಮಾನ್ಯವಾಗಿ ಒಂದು ಒಂದೂವರೆ ಅಡಿ ಉದ್ದ, ಮಣ್ಣಿನದೇ ಬಣ್ಣ. ಮೈ ಸುರುಳಿ ಮಾಡಿ ಹುರುಪೆಗೆ ಹುರುಪೆ ಉಜ್ಜಿ ಗರಗಸ ಎಳೆದಂಥ ಸದ್ದು ಮಾಡುತ್ತದೆ. ಹೆಸರು ಬಂದದ್ದು ಅದರಿಂದಲೇ. ಶಹಾಬಾದ್, ಚಿತ್ತಾಪುರ, ಸೇಡಂ ಸೀಮೆಯಲ್ಲಿ ಮನೆ ಪಕ್ಕ ಒಟ್ಟುವ ಪರಸಿ ಕಲ್ಲಿನ ಚಪ್ಪಡಿಗಳ ನಡುವಿನ ಸಂದು ಇಂಥ ಸಣ್ಣ ಹಾವಿಗೆ ಹೇಳಿ ಮಾಡಿಸಿದ ಮನೆ. ಚಪ್ಪಡಿಯ ಕೆಳಗೆ ಬೆರಳು ತೂರಿಸಿ ಎತ್ತುವಾಗ ಕಡಿತ ಬೀಳುವುದು ಕೈಗೆ. ಮೊದಲು ಹಾರೆಯಿಂದ ಒಂದು ಅಂಚು ಎಬ್ಬಿಸಿ, ಕೆಳಗೆ ನೋಡಿ, ಆಮೇಲೆ ಕೈ ಹಾಕಿದರೆ ಈ ಕಡಿತಗಳಲ್ಲಿ ಹೆಚ್ಚಿನವು ಆಗುವುದೇ ಇಲ್ಲ.

ಬಡಿಗೆಗೆ ಬಲಿಯಾಗುವ ಹಾವುಗಳಲ್ಲಿ ಬಹಳಷ್ಟು ಈ ನಾಲ್ಕರಲ್ಲಿ ಸೇರಿದವಲ್ಲ. ಕೇರೆಹಾವು ಆರೇಳು ಅಡಿ ಬೆಳೆಯುತ್ತದೆ, ಹಗಲು ತಿರುಗುತ್ತದೆ, ಓಡುತ್ತದೆ. ಅದಕ್ಕೆ ವಿಷವೇ ಇಲ್ಲ. ದೊಡ್ಡದಾಗಿ ಕಾಣುವುದೇ ಅದರ ತಪ್ಪು. ತೋಳಹಾವು ಗೋಡೆಯ ಮೇಲೆ ಹಲ್ಲಿ ಹುಡುಕುತ್ತ ಮನೆಗೆ ಬರುತ್ತದೆ. ಮೈಮೇಲೆ ಪಟ್ಟೆ ಇರುವುದರಿಂದ ಕಟ್ಟುಹಾವೆಂದು ಸಾಯುತ್ತದೆ. ವ್ಯತ್ಯಾಸ ಇರುವುದು ಪಟ್ಟೆ ಎಲ್ಲಿ ಶುರುವಾಗುತ್ತದೆ ಎಂಬುದರಲ್ಲಿ. ತೋಳಹಾವಿನ ಮೈ ಕಂದು, ಪಟ್ಟೆ ಕುತ್ತಿಗೆಯಿಂದಲೇ ಆರಂಭವಾಗಿ ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿನದು ಮಿರಿಮಿರಿ ಕಪ್ಪು ಮೈ. ತಲೆಯ ಹತ್ತಿರ ಪಟ್ಟೆ ಇರುವುದಿಲ್ಲ ಅಥವಾ ತೀರ ಮಸುಕು, ಹಿಂದೆ ಹೋದಂತೆ ತೆಳುವಾದ ಬಿಳಿ ಪಟ್ಟೆಗಳು ಜೋಡಿಜೋಡಿಯಾಗಿ ಸ್ಪಷ್ಟವಾಗುತ್ತವೆ. ಮಣ್ಣುಮುಕ್ಕ ಹಾವನ್ನು ಕೊಳಕುಮಂಡಲ ಎನ್ನುತ್ತಾರೆ, ಆದರೆ ಮಣ್ಣುಮುಕ್ಕನ ಮಚ್ಚೆಗಳು ಅಡ್ಡಾದಿಡ್ಡಿ, ಬಾಲ ಮೋಟು. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯ ಕೊಂಡಿಗಳಂತೆ ಮೂರು ಸಾಲು ಕಪ್ಪಂಚಿನ ಮಚ್ಚೆ ಇರುತ್ತವೆ, ಕುಕ್ಕರ್ ಸೀಟಿಯಂಥ ಬುಸುಗುಡುವಿಕೆ ಹತ್ತು ಹೆಜ್ಜೆ ಆಚೆಗೂ ಕೇಳುತ್ತದೆ. ಈ ಗುರುತುಗಳನ್ನು ಹಾವಿನ ಹತ್ತಿರ ಹೋಗಿ ನೋಡಬೇಕಿಲ್ಲ. ದೂರದಿಂದ ಗೊತ್ತಾದರೆ ಸರಿ. ಗೊತ್ತಾಗದಿದ್ದರೆ ವಿಷದ ಹಾವೆಂದೇ ತಿಳಿದು ಹಿಂದೆ ಸರಿಯುವುದು ಸರಿ. ಹಾವು ತನ್ನ ಉದ್ದದ ಅರ್ಧದಷ್ಟು ದೂರಕ್ಕೂ ನೆಗೆದು ಕಡಿಯುವುದು ಕಷ್ಟ, ಎರಡು ಮೀಟರ್ ಅಂತರ ಇದ್ದರೆ ನಾಲ್ಕರಲ್ಲಿ ಯಾವುದೂ ಮುಟ್ಟಲಾರದು.

ಬಡಿಯಲು ಹೋದವನು ಈ ಎರಡು ಮೀಟರ್ ಅಂತರವನ್ನೇ ಕಳೆದುಕೊಳ್ಳುತ್ತಾನೆ. ಪೆಟ್ಟು ತಿಂದ ಹಾವು ಕಡಿಯುತ್ತದೆ. ಸತ್ತಿತೆಂದು ಎತ್ತಿಕೊಂಡ ಹಾವೂ ಕಡಿಯುತ್ತದೆ. ಕತ್ತರಿಸಿದ ತಲೆ ಕೂಡ ಸ್ವಲ್ಪ ಹೊತ್ತು ಕಡಿಯಬಲ್ಲದು. ಒಬ್ಬನಿಗೆ ಕಡಿದ ಹಾವನ್ನು ಹುಡುಕಿ ಕೊಂದು ಚೀಲದಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯುವ ರೂಢಿಯಿಂದ ಎರಡನೆಯವನಿಗೂ ಕಡಿತವಾದ ಪ್ರಸಂಗಗಳು ವೈದ್ಯರಿಗೆ ಹೊಸದಲ್ಲ. ಆ ಹುಡುಕಾಟಕ್ಕೆ ಅರ್ಧ ತಾಸು ಹೋಗುತ್ತದೆ. ಹಾವು ತೋರಿಸಿದರೆ ಮಾತ್ರ ಔಷಧ ಸಿಗುತ್ತದೆ ಎಂಬುದು ತಪ್ಪು ನಂಬಿಕೆ, ಏಕೆಂದರೆ ನಾಲ್ಕೂ ಹಾವುಗಳಿಗೆ ಕೊಡುವ ಔಷಧ ಒಂದೇ.

ಇಲಿಯ ಬಿಲದೊಳಗೆ ಹೋಗುವವರು ಯಾರು

ಎರೆಹೊಲದಲ್ಲಿ ಬೇಸಿಗೆಗೆ ಬಿಡುವ ಬಿರುಕು, ಬದುವಿನ ಸಡಿಲ ಮಣ್ಣು, ಕಣದ ಪಕ್ಕದ ಬಣವಿ, ಎಲ್ಲ ಹೆಗ್ಗಣ ಮತ್ತು ಹೊಲದಿಲಿಯ ಊರು. ಹೊಲದ ಹೆಗ್ಗಣ ತಿಂದು ಬಿಡುವುದಿಲ್ಲ, ಕದ್ದು ಕೂಡಿಡುತ್ತದೆ. ಒಂದು ಬಿಲ ಅಗೆದರೆ ಒಳಗಿನ ಕೋಣೆಯಲ್ಲಿ ತೆನೆಗಳ ರಾಶಿಯೇ ಸಿಗುತ್ತದೆ. ಅದರ ಬಸಿರು ಮೂರು ವಾರ, ಒಂದು ಸೂಲಿಗೆ ಆರೇಳು ಮರಿ, ಮೂರು ತಿಂಗಳಿಗೆ ಆ ಮರಿಗಳೂ ಮರಿ ಹಾಕಲು ತಯಾರು. ಗೂಬೆ, ಗಿಡುಗ, ಬೆಕ್ಕು ಇಲಿಯನ್ನು ಹಿಡಿಯುವುದು ಅದು ಹೊರಗೆ ಬಂದಾಗ. ಬಿಲದ ಒಳಗೇ ಹೋಗಿ, ಕಣ್ಣು ಬಿಡದ ಮರಿಗಳ ಸಮೇತ ತಿನ್ನುವ ಕೆಲಸ ಹಾವಿನದು. ತೆಳುವಾದ ಉದ್ದ ದೇಹ ಅದಕ್ಕಾಗಿಯೇ ಇದೆ.

ಹಾವು ಕೊಂದ ಹೊಲದಲ್ಲಿ ಆ ಕೆಲಸವನ್ನು ವಿಷದ ಉಂಡೆಗೆ ವಹಿಸಬೇಕಾಗುತ್ತದೆ. ಜಿಂಕ್ ಫಾಸ್ಫೈಡ್ ಶೇ. 2ರ ಪ್ರಮಾಣದಲ್ಲಿ, ಅಂದರೆ 96 ಭಾಗ ಒಡೆದ ಕಾಳಿಗೆ 2 ಭಾಗ ಎಣ್ಣೆ, 2 ಭಾಗ ಪುಡಿ ಕಲಸಿ ಇಡುತ್ತಾರೆ. ಇಲ್ಲಿ ಹೆಚ್ಚಿನವರು ಎಡವುವುದು ಮೊದಲ ಹಂತದಲ್ಲೇ: ವಿಷವಿಲ್ಲದ ಕಾಳನ್ನು ಎರಡು ಮೂರು ದಿನ ಇಟ್ಟು ಇಲಿಗೆ ರೂಢಿ ಮಾಡಿಸದೆ ನೇರ ವಿಷ ಇಡುತ್ತಾರೆ. ಸ್ವಲ್ಪ ತಿಂದು ಬದುಕಿದ ಇಲಿ ಆ ವಾಸನೆಯನ್ನು ವಾರಗಟ್ಟಲೆ ಮರೆಯುವುದಿಲ್ಲ, ಮತ್ತೆ ಮುಟ್ಟುವುದಿಲ್ಲ. ಅತ್ತ ನಾಯಿ, ನವಿಲು, ಕೋಳಿ ಅದೇ ಕಾಳು ತಿಂದು ಸಾಯುತ್ತವೆ. ಹಾವು ಕೂಲಿ ಕೇಳದೆ ಮಾಡುತ್ತಿದ್ದ ಕೆಲಸ ಇದು.

ಇಲ್ಲೊಂದು ನಿಜವನ್ನು ಮುಚ್ಚಿಡಬಾರದು. ಹೊಲದ ಹಾವು ಹೊಲದಲ್ಲಿರಲಿ ಎನ್ನುವುದು ಬೇರೆ, ಮನೆಯ ಅಂಗಳದಲ್ಲಿ ಹಾವಿಗೆ ಜಾಗ ಮಾಡಿಕೊಡುವುದು ಬೇರೆ. ತೊಗರಿ ಕಟಗಿಯ ಬಣವಿ, ಜೋಳದ ಕಣಿಕಿ, ಕುಳ್ಳಿನ ಒಟ್ಟು, ಇವು ಮಲಗುವ ಜಾಗದಿಂದ ಕನಿಷ್ಠ 20–30 ಅಡಿ ದೂರ ಇರಬೇಕು, ಸಾಧ್ಯವಾದರೆ ನೆಲದಿಂದ ಒಂದು ಮೊಳ ಎತ್ತರದ ಕಲ್ಲಿನ ಮೇಲೆ ಒಟ್ಟಬೇಕು. ಕೆಳಗೆ ಗಾಳಿ ಬೆಳಕು ಆಡಿದರೆ ಇಲಿ ಗೂಡು ಕಟ್ಟುವುದಿಲ್ಲ. ಇಲಿ ಇಲ್ಲದ ಅಂಗಳಕ್ಕೆ ಹಾವು ಬಂದರೂ ನಿಲ್ಲುವುದಿಲ್ಲ. ಬಾಗಿಲ ಕೆಳಗಿನ ಸಂದು ಒಂದು ಬೆರಳಿಗಿಂತ ದೊಡ್ಡದಿದ್ದರೆ ಹಳೆಯ ಟೈರಿನ ಪಟ್ಟಿ ಹೊಡೆದು ಮುಚ್ಚಬೇಕು. ಬಚ್ಚಲ ಮೋರಿಗೆ ಜಾಳಿಗೆ ಹಾಕಬೇಕು. ಬೆಳ್ಳುಳ್ಳಿ, ಫಿನಾಯಿಲ್, ಸೀಮೆಎಣ್ಣೆ ಚೆಲ್ಲಿದರೆ ಹಾವು ಬರುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ.

ರಾತ್ರಿಯ ಕಡಿತ, ಬೆಳಗಿನ ಹೊಟ್ಟೆನೋವು

ನಾಲ್ಕರಲ್ಲಿ ಹೆಚ್ಚು ಅರ್ಥ ಮಾಡಿಕೊಳ್ಳಬೇಕಾದದ್ದು ಕಟ್ಟುಹಾವು. ಹಗಲು ಕಂಡರೆ ಸುರುಳಿ ಸುತ್ತಿ ತಲೆ ಮುಚ್ಚಿಕೊಳ್ಳುವಷ್ಟು ಮೆತ್ತನೆಯ ಪ್ರಾಣಿ. ರಾತ್ರಿ ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿ ಹೊರಡುತ್ತದೆ. ನೆಲದ ಮೇಲೆ ಚಾಪೆ, ಕೌದಿ ಹಾಸಿ ಮಲಗಿದವರ ಪಕ್ಕ ಹಾದು ಹೋಗುತ್ತದೆ. ಮಲಗಿದವರು ಹೊರಳಿ ಅದರ ಮೇಲೆ ಕೈ ಬಿದ್ದರೆ ಕಡಿಯುತ್ತದೆ. ಹಲ್ಲು ಎಷ್ಟು ಸಣ್ಣವೆಂದರೆ ಸೊಳ್ಳೆ ಕಚ್ಚಿದಷ್ಟೂ ನೋವಾಗುವುದಿಲ್ಲ, ಬಾವು ಬರುವುದಿಲ್ಲ, ಗುರುತು ಕಾಣುವುದಿಲ್ಲ. ಬೆಳಗಿನ ಜಾವ ಎದ್ದಾಗ ತಡೆಯಲಾಗದ ಹೊಟ್ಟೆನೋವು, ಗಂಟಲು ಕಟ್ಟಿದ ಹಾಗೆ, ಒಂದು ವಾಂತಿ. ಮನೆಯವರು ರಾತ್ರಿ ತಿಂದದ್ದು ಪಚನವಾಗಿಲ್ಲ ಎಂದು ಸೋಡಾ ಕುಡಿಸುತ್ತಾರೆ. ಆಮೇಲೆ ಕಣ್ಣರೆಪ್ಪೆ ಜೋತು ಬೀಳುತ್ತವೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ.

ಈ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಒಮ್ಮೆ ಹಾಳಾದ ತುದಿಯನ್ನು ಔಷಧ ತಿರುಗಿ ಸರಿಮಾಡಲಾರದು. ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಮಾತ್ರ ಹಿಡಿಯುತ್ತದೆ. ಅದಕ್ಕೇ ಇಲ್ಲಿ ಒಂದೊಂದು ತಾಸೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಮಾತು ಪ್ರತಿ ಮನೆಗೂ ಗೊತ್ತಿರಬೇಕು: ಕಟ್ಟುಹಾವು ಕಡಿದವರು ಕಣ್ಣು ತೆರೆಯಲಾಗದೆ, ಬೆರಳು ಆಡಿಸಲಾಗದೆ ಹೆಣದಂತೆ ಮಲಗಿದ್ದರೂ ಅವರಿಗೆ ಎಲ್ಲವೂ ಕೇಳಿಸುತ್ತಿರಬಹುದು. ವೆಂಟಿಲೇಟರ್ ಮೇಲೆ ಕೆಲವು ದಿನ ಉಸಿರು ಕೊಟ್ಟರೆ ನರದ ತುದಿಗಳು ಮತ್ತೆ ಬೆಳೆದು, ಅವರು ಎದ್ದು ನಡೆದು ಮನೆಗೆ ಬರಬಹುದು. 'ಜೀವ ಹೋಗಿದೆ' ಎಂದು ದಾರಿಯಲ್ಲೇ ಗಾಡಿ ತಿರುಗಿಸಬಾರದು. ಉಸಿರು ನಿಲ್ಲುವಂತಾದರೆ ಬಾಯಿಗೆ ಬಾಯಿ ಇಟ್ಟಾದರೂ ಉಸಿರು ಕೊಡುತ್ತ ಆಸ್ಪತ್ರೆ ಮುಟ್ಟಬೇಕು.

ತಡೆಯುವ ದಾರಿ ಮಾತ್ರ ಬಹಳ ಅಗ್ಗ. ಮಂಚದ ಮೇಲೆ ಮಲಗುವುದು. ಮಂಚ ಇಲ್ಲದಿದ್ದರೆ ಸೊಳ್ಳೆ ಪರದೆ ಕಟ್ಟಿ, ಅದರ ನಾಲ್ಕೂ ಅಂಚನ್ನು ಹಾಸಿಗೆಯ ಕೆಳಗೆ ಮಡಚಿ ಒತ್ತುವುದು. ಅಂಚು ಜೋತು ಬಿಟ್ಟ ಪರದೆ ಹಾವನ್ನು ತಡೆಯುವುದಿಲ್ಲ, ಒಳಗೆ ಬಂದದ್ದನ್ನು ಸಿಕ್ಕಿಸಿ ಹಾಕುತ್ತದೆ. ಏಪ್ರಿಲ್–ಮೇ ಬಿಸಿಲು 42 ಡಿಗ್ರಿ ದಾಟಿದಾಗ ಇಡೀ ಊರು ಅಂಗಳದಲ್ಲೋ ಮಾಳಿಗೆಯ ಮೇಲೋ ಮಲಗುತ್ತದೆ. ಮಾಳಿಗೆ ಅಂಗಳಕ್ಕಿಂತ ವಾಸಿ, ಆದರೆ ಹಾಸಿಗೆಯನ್ನು ಸಂಜೆಯೇ ಹಾಸಿಟ್ಟು ರಾತ್ರಿ ನೋಡದೆ ಮಲಗುವುದು ಎಲ್ಲಿದ್ದರೂ ತಪ್ಪು. ಒಮ್ಮೆ ಝಾಡಿಸಿ ಮಲಗಬೇಕು.

ಹೊಲದ ಕಡಿತದ ಕಥೆ ಬೇರೆ. ಅಲ್ಲಿ ಹಾವಿಗಿಂತ ಹೆಚ್ಚು ತಪ್ಪು ಕರೆಂಟಿನದು. ಪಂಪ್‌ಸೆಟ್‌ಗೆ ತ್ರೀ ಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ನೀರು ಹಾಯಿಸಬೇಕು. ಕತ್ತಲಲ್ಲಿ, ಬರಿಗಾಲಲ್ಲಿ, ಬದುವಿನ ಹುಲ್ಲು ತುಳಿಯುತ್ತ, ನೀರಿನಿಂದ ಬಿಲ ತುಂಬಿ ಹೊರಬಂದ ಇಲಿಯ ಹಿಂದೆ ಹಾವೂ ಹೊರಬಂದಿರುವ ಹೊತ್ತಿಗೆ. ಕೊಳಕುಮಂಡಲ ಓಡಿಹೋಗುವ ಹಾವಲ್ಲ, ಮೈಬಣ್ಣವನ್ನೇ ನಂಬಿ ಸುಮ್ಮನೆ ಮಲಗಿರುತ್ತದೆ. ಕಾಲು ಮೇಲೆ ಬಿದ್ದಾಗಲೇ ಕಡಿಯುತ್ತದೆ. ಹಗಲು ಪಾಳಿಯ ವಿದ್ಯುತ್ ಕೊಡುವುದನ್ನು ಕೃಷಿ ಸೌಲಭ್ಯ ಎಂದು ಮಾತ್ರ ನೋಡುವುದು ಸಾಲದು. ಅದು ಹಾವು ಕಡಿತ ತಡೆಯುವ ಕ್ರಮವೂ ಹೌದು, ಮತ್ತು ಸೋಲಾರ್ ಪಂಪ್‌ನ ಲಾಭ ಲೆಕ್ಕ ಹಾಕುವಾಗ ಈ ಜೀವಗಳನ್ನೂ ಸೇರಿಸಬೇಕು. ಅಲ್ಲಿಯವರೆಗೆ ಮೊಣಕಾಲ ಕೆಳಗಿನವರೆಗೆ ಬರುವ ರಬ್ಬರ್ ಗಂಬೂಟು, ತಲೆಗೆ ಕಟ್ಟುವ ಬ್ಯಾಟರಿ, ಮುಂದೆ ನೆಲ ಕುಟ್ಟುತ್ತ ನಡೆಯಲು ಒಂದು ಕೋಲು. ಕಡಿತಗಳಲ್ಲಿ ಬಹುಪಾಲು ಬೀಳುವುದು ಪಾದ ಮತ್ತು ಕಣಕಾಲಿಗೆ. ಬೂಟು ಮುಚ್ಚುವ ಜಾಗ ಅದೇ. ಹಾವಿಗೆ ಹೊರಗಿನ ಕಿವಿ ಇಲ್ಲ, ನೆಲದ ಅದುರು ಚೆನ್ನಾಗಿ ತಿಳಿಯುತ್ತದೆ. ಕೋಲು ಕುಟ್ಟಿದರೆ ನಾಗರ, ಕೇರೆ ಸರಿದು ಹೋಗುತ್ತವೆ. ಕೊಳಕುಮಂಡಲ ಸರಿಯದೆ ಇರಬಹುದು, ಅದಕ್ಕೇ ಬೆಳಕು ಬೇಕು.

ಡಿಸೆಂಬರ್–ಜನವರಿಯ ತೊಗರಿ ಕೊಯ್ಲಿನಲ್ಲಿ ಅಪಾಯ ಕೈಗೆ. ಕೊಯ್ದು ಸಾಲಾಗಿ ಬಿಟ್ಟ ಸೂಡುಗಳ ಕೆಳಗೆ ಬೆಚ್ಚಗಿರುತ್ತದೆ. ಎರಡು ಮೂರು ದಿನ ಒಣಗಿದ ಮೇಲೆ ಅವನ್ನು ತಬ್ಬಿ ಎತ್ತುವ ಬದಲು ಕವಲು ಕೋಲಿನಿಂದ ಒಮ್ಮೆ ಮಗುಚಿ ಎತ್ತಬೇಕು. ಹಿಂಗಾರಿ ಜೋಳ ಕೀಳುವಾಗಲೂ ಇದೇ ಎಚ್ಚರ.

ಮಂತ್ರ ಏಕೆ ಫಲಿಸಿದಂತೆ ಕಾಣುತ್ತದೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಹಾವು ಕಡಿತಗಳಾಗುತ್ತವೆ. ಅವುಗಳಲ್ಲಿ ವಿಷ ಏರುವುದು 18ರಿಂದ 27 ಲಕ್ಷ ಮಂದಿಗೆ. ಅಂದರೆ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಏನೂ ಚಿಕಿತ್ಸೆ ಇಲ್ಲದೆಯೂ ಬದುಕುವವರೇ. ಕಡಿದದ್ದು ವಿಷವಿಲ್ಲದ ಹಾವು, ಅಥವಾ ವಿಷದ ಹಾವೇ ಆದರೂ ವಿಷ ಬಿಡದೆ ಬರೀ ಹಲ್ಲೂರಿದ ಕಡಿತ. ಇವರೆಲ್ಲ ಗುಡಿಗೆ ಹೋಗಿ ಕಟ್ಟೆಯ ಮೇಲೆ ಮಲಗಿ ಬೆಳಗಾಗುವಷ್ಟರಲ್ಲಿ ಎದ್ದು ಬಂದರೆ ಗುಡಿಗೆ ಕೀರ್ತಿ, ಮಂತ್ರ ಹಾಕಿದವನಿಗೆ ಕೀರ್ತಿ, ಬೇರು ಅರೆದವನಿಗೆ ಕೀರ್ತಿ. ಉಳಿದವರು ಸತ್ತರೆ 'ಆಯುಷ್ಯ ಇಷ್ಟೇ ಇತ್ತು' ಎನ್ನುತ್ತೇವೆ. ಮೋಸ ಇರುವುದು ಮಂತ್ರಗಾರನಲ್ಲಿ ಎನ್ನುವುದಕ್ಕಿಂತ ಈ ಲೆಕ್ಕದಲ್ಲಿ. ಆತ ಊರಿನ ನಂಬುಗೆಯ ಮನುಷ್ಯ. 'ನಾನು ಮಂತ್ರ ಹಾಕಿದ್ದೀನಿ, ಈಗ ದವಾಖಾನೆಗೆ ನಡೀರಿ' ಎಂದು ಆತನೇ ಹೇಳುವಂತಾದರೆ ಯಾವ ಜಾಹೀರಾತಿಗಿಂತ ಹೆಚ್ಚು ಜೀವ ಉಳಿಯುತ್ತವೆ. ದೇವರಿಗೆ ಹರಕೆ ಹೊತ್ತುಕೊಳ್ಳಲಿ, ಅದನ್ನು ಗಾಡಿಯಲ್ಲಿ ಕೂತುಕೊಂಡೇ ಹೊತ್ತುಕೊಳ್ಳಬಹುದು.

ಕಡಿದ ಕೂಡಲೇ ಮಾಡಬೇಕಾದದ್ದು ಸ್ವಲ್ಪವೇ. ಉಂಗುರ, ಬಳೆ, ಕಾಲುಂಗುರ, ಗೆಜ್ಜೆ, ವಾಚು ತೆಗೆಯಬೇಕು. ಬಾವು ಬಂದ ಮೇಲೆ ಅವು ಬೆರಳನ್ನೇ ಕೊಯ್ಯುತ್ತವೆ. ಕಡಿದ ಕೈಕಾಲನ್ನು ಮುರಿದ ಮೂಳೆಗೆ ಕಟ್ಟುವಂತೆ ಒಂದು ದಬ್ಬೆ ಇಟ್ಟು, ಬಿಗಿಯಿಲ್ಲದೆ ಬಟ್ಟೆ ಸುತ್ತಿ ಅಲುಗದಂತೆ ಇಡಬೇಕು. ಓಡಬಾರದು, ನಡೆಯಬಾರದು. 108ಕ್ಕೆ ಕರೆ ಮಾಡಬೇಕು. ಬರುವುದು ತಡವಾದರೆ ಬೈಕ್ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಬೇಕು. ಕಡಿದ ಹೊತ್ತು, ಕಣ್ಣು ಭಾರವಾದ ಹೊತ್ತು, ಬಾವು ಮೊಣಕಾಲಿಗೆ ಏರಿದ ಹೊತ್ತು ಮೊಬೈಲ್‌ನಲ್ಲಿ ಬರೆದಿಟ್ಟರೆ ವೈದ್ಯರಿಗೆ ಹಾವಿನ ಹೆಣಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಿಗಿಯಾಗಿ ಹಗ್ಗ ಕಟ್ಟುವ ರೂಢಿ ಮಾತ್ರ ಇನ್ನೂ ಹೋಗಿಲ್ಲ. ಮಂಡಲದ ಹಾವುಗಳ ವಿಷ ಮಾಂಸವನ್ನು ಕೊಳೆಸುತ್ತದೆ. ಹಗ್ಗ ಕಟ್ಟಿ ಅದನ್ನು ಒಂದೇ ಕಡೆ ಕೂಡಿಹಾಕಿ, ಮೇಲೆ ರಕ್ತವನ್ನೂ ತಡೆದರೆ ಕಾಲು ಕಪ್ಪಾಗುತ್ತದೆ, ಕತ್ತರಿಸುವ ಹಂತಕ್ಕೆ ಹೋಗುತ್ತದೆ. ಹೀಗೆ ಈಗಾಗಲೇ ಕಟ್ಟಿದ್ದರೆ ದಾರಿಯಲ್ಲಿ ಗಾಬರಿಯಿಂದ ಒಮ್ಮೆಲೇ ಬಿಚ್ಚಬಾರದು, ಕೂಡಿದ ವಿಷ ಒಮ್ಮೆಗೇ ಏರುತ್ತದೆ. ಆಸ್ಪತ್ರೆಯಲ್ಲಿ ಔಷಧ ತಯಾರಿಟ್ಟುಕೊಂಡು ವೈದ್ಯರೇ ಬಿಚ್ಚಬೇಕು. ಬ್ಲೇಡಿನಿಂದ ಕೊಯ್ಯುವುದು ಇನ್ನೂ ಕೆಟ್ಟದ್ದು: ಕೊಳಕುಮಂಡಲ, ಗರಗಸ ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ, ಕೊಯ್ದ ಗಾಯ ಸೋರುತ್ತಲೇ ಇರುತ್ತದೆ.

ಆಸ್ಪತ್ರೆಯ ಒಳಗೆ ಏನಾಗಬೇಕು ಎಂಬುದೂ ಜನರಿಗೆ ಗೊತ್ತಿರುವುದು ಒಳ್ಳೆಯದು. ಮಂಡಲದ ವಿಷ ಏರಿದೆಯೇ ತಿಳಿಯಲು ದೊಡ್ಡ ಯಂತ್ರ ಬೇಡ. ಹೊಸದಾಗಿ ತೆಗೆದ 2 ಮಿಲಿಲೀಟರ್ ರಕ್ತವನ್ನು ಸ್ವಚ್ಛ, ಒಣ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ವಿಷ ಏರಿದೆ. ಪ್ಲಾಸ್ಟಿಕ್ ನಳಿಕೆ ಬಳಸಿದರೆ ಅಥವಾ ಗಾಜನ್ನು ಸೋಪಿನ ಪುಡಿಯಿಂದ ತೊಳೆದಿದ್ದರೆ ಚೆನ್ನಾಗಿರುವವರ ರಕ್ತವೂ ಹೆಪ್ಪುಗಟ್ಟುವುದಿಲ್ಲ, ಪರೀಕ್ಷೆ ಸುಳ್ಳು ಹೇಳುತ್ತದೆ. ಮೊದಲ ಪರೀಕ್ಷೆ ಸರಿ ಬಂದರೂ ಮನೆಗೆ ಕಳಿಸಬಾರದು, ಮತ್ತೆ ಮತ್ತೆ ಮಾಡಬೇಕು. ಕಡಿತವಾದವರನ್ನು 24 ತಾಸು ನಿಗಾದಲ್ಲಿ ಇಡುವುದು ಅದಕ್ಕೇ.

ವಿಷದ ಲಕ್ಷಣ ಕಂಡರೆ ಮೊದಲ ಪ್ರಮಾಣ ಸಾಮಾನ್ಯವಾಗಿ 10 ವಯಲ್, ಸುಮಾರು ಒಂದು ತಾಸಿನಲ್ಲಿ ರಕ್ತನಾಳದ ಮೂಲಕ. ಮಗುವಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ. ಹಾವು ಮಗು ಎಂದು ನೋಡಿ ಕಡಿಮೆ ವಿಷ ಬಿಡುವುದಿಲ್ಲ. ಪುಡಿ ರೂಪದ ವಯಲ್‌ಗೆ 10 ಮಿಲಿಲೀಟರ್ ನೀರು ಹಾಕಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು, ಜೋರಾಗಿ ಕುಲುಕಿದರೆ ನೊರೆ ಬಂದು ಔಷಧದ ಪ್ರೋಟೀನ್ ಕೆಡುತ್ತದೆ. ಕೆಲವರಿಗೆ ಔಷಧವೇ ಅಲರ್ಜಿಯಾಗಿ ಉಸಿರುಕಟ್ಟುವುದುಂಟು. ಅದಕ್ಕೆ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲೇ ಇರಬೇಕು. ಹಲವೆಡೆ ಚಿಕಿತ್ಸೆಯ ಸರಪಳಿ ತುಂಡಾಗುವುದು ಇಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಔಷಧ ಇರುತ್ತದೆ, ಅಲರ್ಜಿಗೆ ಹೆದರಿ ಕೊಡದೆ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಔರಾದ್‌ನಿಂದ ಬೀದರ್‌ಗೆ, ಅಫಜಲಪುರದಿಂದ ಕಲಬುರಗಿಗೆ, ಸುರಪುರದಿಂದ ಯಾದಗಿರಿಗೆ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಮೊದಲ ಪ್ರಮಾಣ ಇಲ್ಲಿ ಕೊಟ್ಟು, ಹನಿ ಬಾಟಲಿ ನಡೆಯುತ್ತಿರುವಾಗಲೇ ಕಳಿಸುವುದು ಸರಿಯಾದ ಕ್ರಮ. ವೆಂಟಿಲೇಟರ್, ಡಯಾಲಿಸಿಸ್ ಬೇಕಾದವರಿಗೆ ದೊಡ್ಡ ಆಸ್ಪತ್ರೆ ಬೇಕೇ ಬೇಕು; ಕೊಳಕುಮಂಡಲ ಕಡಿದವರ ಮೂತ್ರ ಕಡಿಮೆಯಾದರೆ ಮೂತ್ರಪಿಂಡ ಸೋಲುತ್ತಿದೆ ಎಂದರ್ಥ.

ಪಂಚಮಿಯ ಹಾಲು, ಎರಡು ತಲೆಯ ಹಾವು

ಈ ಭಾಗದಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಜೋಕಾಲಿ, ಅಳ್ಳು, ಶೇಂಗಾ ಉಂಡಿ. ಅಂದು ನೆಲ ಅಗೆಯಬಾರದು, ನೇಗಿಲು ಹೂಡಬಾರದು ಎಂಬ ಕಟ್ಟು ಇದೆ. ಮಳೆಗೆ ಬಿಲ ತುಂಬಿ ಹಾವು ಹೊರಗಿರುವ, ನಾಗರಹಾವಿನ ಮೊಟ್ಟೆ ಒಡೆದು ಮರಿ ಬರುವ ಕಾಲದಲ್ಲಿ ಅದು ತೂಕದ ಮಾತು. ಮಣ್ಣಿನ ನಾಗಪ್ಪನಿಗೆ ಹಾಲೆರೆದರೆ ಯಾವ ಹಾವಿಗೂ ಕೇಡಿಲ್ಲ. ಕೇಡು ಇರುವುದು ಬುಟ್ಟಿಯಲ್ಲಿ ಬರುವ ಜೀವಂತ ನಾಗರನಿಗೆ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಜೀರ್ಣಿಸಿಕೊಳ್ಳಲೂ ಆಗದು. ಎಷ್ಟೋ ದಿನ ನೀರು ಕೊಡದೆ ಒಣಗಿಸಿದ ಹಾವು ಬಾಯಿಗೆ ಸಿಕ್ಕ ದ್ರವವನ್ನು ನುಂಗುತ್ತದೆ, ಅದು ಶ್ವಾಸಕೋಶಕ್ಕೆ ಇಳಿದು ಸಾಯುತ್ತದೆ. ಹಲ್ಲು ಕಿತ್ತ ಬಾಯಲ್ಲಿ ಕೀವು ಇರುತ್ತದೆ. ಬುಟ್ಟಿಗೆ ದುಡ್ಡು ಹಾಕದಿದ್ದರೆ ಈ ವ್ಯಾಪಾರ ನಿಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಹಾವು ಹಿಡಿದು ಇಟ್ಟುಕೊಳ್ಳುವುದೂ ಕೊಲ್ಲುವುದೂ ಅಪರಾಧ.

'ಎರಡು ತಲೆ ಹಾವು' ಲಕ್ಷಗಟ್ಟಲೆಗೆ ಮಾರುತ್ತದೆ ಎಂಬ ಪುಕಾರು ಇನ್ನೊಂದು. ಅದಕ್ಕೆ ಇರುವುದು ಒಂದೇ ತಲೆ. ಬಾಲ ತಲೆಯಷ್ಟೇ ದಪ್ಪ, ಅಷ್ಟೇ. ನಿಧಿ ತೋರಿಸುತ್ತದೆ, ರೋಗ ವಾಸಿ ಮಾಡುತ್ತದೆ ಎಂದು ನಂಬಿ ಹಣ ಕೊಟ್ಟವರು ಹಣ ಕಳೆದುಕೊಳ್ಳುತ್ತಾರೆ, ಸಾಗಿಸಿದವರು ಜೈಲಿಗೆ ಹೋಗುತ್ತಾರೆ, ಇಲಿ ತಿನ್ನುವ ಒಂದು ಬಡ ಹಾವು ಡಬ್ಬಿಯಲ್ಲಿ ಸಾಯುತ್ತದೆ.

ಹಾವು ಹಿಡಿಯುವ ತರುಣರ ಬಗ್ಗೆಯೂ ಒಂದು ಮಾತು. ಅವರಿಂದ ಉಪಕಾರ ಬಹಳ ಆಗಿದೆ. ಆದರೆ ಕೊರಳಿಗೆ ಸುತ್ತಿಕೊಂಡು ವಿಡಿಯೊ ಮಾಡುವುದು ರಕ್ಷಣೆಯಲ್ಲ, ಅದರಿಂದ ಸತ್ತವರಿದ್ದಾರೆ. ಕೊಕ್ಕೆ ಕೋಲು, ಒಂದು ಪ್ಲಾಸ್ಟಿಕ್ ಪೈಪಿನ ತುಂಡು, ಅದರ ಬಾಯಿಗೆ ಕಟ್ಟಿದ ಬಟ್ಟೆ ಚೀಲ: ಹಾವು ಕತ್ತಲ ಕಂಡಿ ಎಂದು ತಾನೇ ಒಳಗೆ ಹೋಗುತ್ತದೆ, ಕೈ ಮುಟ್ಟಿಸುವ ಪ್ರಮೇಯ ಇಲ್ಲ. ಹಿಡಿದ ಹಾವನ್ನು 30 ಕಿಲೋಮೀಟರ್ ದೂರದ ಅಡವಿಗೆ ಬಿಡುವುದೂ ಒಳ್ಳೆಯದಲ್ಲ. ಗುರುತಿಲ್ಲದ ಜಾಗದಲ್ಲಿ ಹಾವು ಹೆಚ್ಚು ಅಲೆಯುತ್ತದೆ, ಮತ್ತೆ ಯಾರದೋ ಮನೆ ಹೊಗುತ್ತದೆ ಅಥವಾ ಸಾಯುತ್ತದೆ. ಹಿಡಿದ ಜಾಗದ ಹತ್ತಿರವೇ, ಮನೆಗಳಿಂದ ಆಚೆ, ಅಂಥದೇ ನೆಲದಲ್ಲಿ ಬಿಡಬೇಕು, ಅರಣ್ಯ ಇಲಾಖೆಗೆ ತಿಳಿಸಿ.

ಔಷಧದ ತವರು

ಆ ಹತ್ತು ವಯಲ್ ಎಲ್ಲಿಂದ ಬರುತ್ತವೆ? ಜೀವಂತ ಹಾವಿನ ಹಲ್ಲಿನಿಂದ. ಭಾರತದಲ್ಲಿ ಇದಕ್ಕೆ ಬೇಕಾದ ವಿಷದ ಬಹುಪಾಲನ್ನು ದಶಕಗಳಿಂದ ಒದಗಿಸುತ್ತಿರುವುದು ಚೆನ್ನೈ ಬಳಿಯ, ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘ, 1978ರಲ್ಲಿ ಆರಂಭವಾದದ್ದು. ಹಾವು ಹಿಡಿದು, ಕೆಲವು ವಾರ ಇಟ್ಟುಕೊಂಡು, ಹಲವು ಸಲ ವಿಷ ತೆಗೆದು, ಮತ್ತೆ ಹೊಲಕ್ಕೆ ಬಿಡುತ್ತಾರೆ. ನಾಲ್ಕು ಹಾವಿನ ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವೇ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಒಣಗಿಸಿದರೆ ವಯಲ್‌ನ ಬಿಳಿ ಪುಡಿ. ತೊಡಕು ಇರುವುದು ಇಲ್ಲಿ: ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಹಲವು ಬಾರಿ ತೋರಿಸಿದ್ದಾರೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಔಷಧ ಬೇರೆ ಸೀಮೆಯ ಕಡಿತಕ್ಕೆ ಅಷ್ಟೇ ಬಲವಾಗಿ ಕೆಲಸ ಮಾಡದೆ ಇರಬಹುದು. ಆಗ ಹೆಚ್ಚು ವಯಲ್ ಬೇಕು. ಭೀಮಾ ತೀರದ ಕೊಳಕುಮಂಡಲಕ್ಕೆ ಸರಿಯಾದ ಔಷಧ ಬೇಕಾದರೆ ಭೀಮಾ ತೀರದ ಕೊಳಕುಮಂಡಲದ ವಿಷವನ್ನೇ ಪರೀಕ್ಷಿಸಬೇಕು.

ಅದಕ್ಕೆ ಮೊದಲು ಎಲ್ಲಿ, ಯಾವಾಗ, ಎಷ್ಟು ಕಡಿತ ಎಂಬ ಲೆಕ್ಕ ಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಖಾಸಗಿ ಆಸ್ಪತ್ರೆಯೂ ಪ್ರತಿ ಕಡಿತ, ಪ್ರತಿ ಸಾವನ್ನು ತಿಳಿಸಬೇಕು. ಮರು ತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಪ್ರಕಟಿಸಿತು. ಕಾಗದದ ಮೇಲೆ ಇದು ಸರಿಯಾದ ಹೆಜ್ಜೆ. ಆದರೆ ಗುಡಿಯ ಕಟ್ಟೆಯ ಮೇಲೆ ಸತ್ತವರು ಈ ಲೆಕ್ಕಕ್ಕೆ ಬರುವುದಿಲ್ಲ, ಮರಣೋತ್ತರ ಪರೀಕ್ಷೆ ಮಾಡಿಸದೆ ಮಣ್ಣು ಮಾಡಿದವರೂ ಬರುವುದಿಲ್ಲ. ಹಾವು ಕಡಿದು ಸತ್ತ ರೈತನ ಮನೆಯವರಿಗೆ ಕೃಷಿ ಇಲಾಖೆಯಿಂದ ಸಿಗುವ 2 ಲಕ್ಷ ರೂಪಾಯಿ ಪರಿಹಾರಕ್ಕೂ ಪೊಲೀಸ್ ದೂರು ಮತ್ತು ಆ ಪರೀಕ್ಷೆಯ ವರದಿ ಬೇಕೇ ಬೇಕು. ಒಂದು ತಾಲೂಕಿನಲ್ಲಿ ಎಷ್ಟು ಕಡಿತ ದಾಖಲಾಗಿದೆ ಎಂಬುದರ ಮೇಲೆ ಮುಂದಿನ ಮಳೆಗಾಲಕ್ಕೆ ಅಲ್ಲಿಗೆ ಎಷ್ಟು ವಯಲ್ ಕಳಿಸಬೇಕೆಂದು ಲೆಕ್ಕ ಹಾಕುತ್ತಾರೆ. ಬೇಡಿಕೆ ಪಟ್ಟಿ ತಯಾರಾಗಬೇಕಾದದ್ದು ಮುಂಗಾರಿಗೆ ಮೊದಲು. ಮೇ ತಿಂಗಳ ಗ್ರಾಮಸಭೆಯಲ್ಲಿ ಆರೋಗ್ಯ ಕೇಂದ್ರದ ಸ್ಟಾಕ್ ಪುಸ್ತಕ ತರಿಸಿ, ಹತ್ತು ವಯಲ್‌ಗಿಂತ ಕಡಿಮೆ ಇದ್ದರೆ ಠರಾವು ಬರೆಸಲು ಯಾವ ಗ್ರಾಮ ಪಂಚಾಯಿತಿಗೂ ಅಡ್ಡಿಯಿಲ್ಲ.